ಸಾಹೇಬರ ಪರ ವಕಾಲತ್ತು

ಆದೇಶ ಒಂದು ಪುಟ ದಾಟಿ ಎರಡನೆಯದಕ್ಕೆ ನಾಲ್ಕು ಸಾಲು ಇಳಿದಿತ್ತು, ಅಷ್ಟೇ. ಕರ್ನಾಟಕ ನಾಗರಿಕ ಸೇವಾ ನಿಯಮಗಳ 285(4)ನೇ ನಿಯಮದ ಅಡಿ, ಸಾರ್ವಜನಿಕ ಹಿತಾಸಕ್ತಿಯಿಂದ, ಮೂರು ತಿಂಗಳ ನೋಟಿಸಿಗೆ ಬದಲಾಗಿ ಮೂರು ತಿಂಗಳ ವೇತನ ಭತ್ಯೆ ಕೊಟ್ಟು, ಹಿರಿಯ ಸಿವಿಲ್ ನ್ಯಾಯಾಧೀಶರಾದ ಇಂಥವರನ್ನು ತಕ್ಷಣದಿಂದ ನಿವೃತ್ತಿಗೊಳಿಸಿದೆ. ಕೊನೆಗೆ ಎಲ್ಲ ಸರ್ಕಾರಿ ಆದೇಶಗಳಲ್ಲಿ ಇರುವಂತೆ ‘ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ’. ಯಾಕೆ ಎಂಬುದಕ್ಕೆ ಒಂದು ಪದವೂ ಇರಲಿಲ್ಲ. ಮೇಲೆ ಬಲಮೂಲೆಯಲ್ಲಿ ಪೆನ್ಸಿಲಿನಲ್ಲಿ ಸಣ್ಣಗೆ ‘ನಿ.ಪಿ.1’ ಎಂದು ಬರೆದಿತ್ತು, ಅಂದರೆ ವಾದಿ ಕಡೆಯ ಮೊದಲ ದಾಖಲೆ ಎಂಬ ನಿಶಾನೆ. ಇಂಥ ಆದೇಶವನ್ನು ಹೈಕೋರ್ಟಿನಲ್ಲಿ ಪ್ರಶ್ನಿಸುವ ರಿಟ್ ಅರ್ಜಿಯಲ್ಲಿ ದಾಖಲೆಗಳಿಗೆ ನಿಶಾನೆ ಹಾಕುವುದಿಲ್ಲ, ಅನೆಕ್ಷರ್ ಎ, ಬಿ ಎಂದು ಕೊಡುತ್ತೇವೆ. ಅದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಅಷ್ಟು ವರ್ಷ ದಿನಾ ಮಾಡಿದ ಕೆಲಸ, ಕೈ ತಾನೇ ಬರೆದುಬಿಟ್ಟಿತ್ತು.

ಬಳ್ಳಾರಿಯ ಗಾಂಧಿನಗರದಲ್ಲಿ ನನ್ನ ಆಫೀಸು. ಪಾಲು ವಿಭಾಗದ ದಾವೆ, ತೀರ್ಪು ಜಾರಿ ಮಾಡಿಸುವ ಎಕ್ಸಿಕ್ಯೂಶನ್, ಚೆಕ್ ಬೌನ್ಸ್, ಇವೇ ನನ್ನ ಅನ್ನ. ಸರ್ವಿಸ್ ಮ್ಯಾಟರ್ ಅಂದರೆ ಶಿಕ್ಷಕರ ವರ್ಗಾವಣೆಯೋ, ಗ್ರಾಮ ಪಂಚಾಯ್ತಿ ನೌಕರರ ವೇತನವೋ, ಅದೂ ಅಪರೂಪಕ್ಕೆ. ನ್ಯಾಯಾಧೀಶರೊಬ್ಬರು ಕಕ್ಷಿದಾರರಾಗಿ ಬಂದು ನನ್ನೆದುರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುತ್ತಾರೆಂದು ಅಂದುಕೊಂಡಿರಲಿಲ್ಲ. ಅದೂ ನಾನು ಕೇಸು ಮುಂದಕ್ಕೆ ಹಾಕಿ ಎಂದು ಮುದ್ದತು ಕೇಳಿದಾಗಲೆಲ್ಲ ‘ಮೇಡಂ, ಇದು ಕೊನೇದು’ ಎಂದು ಆರ್ಡರ್ ಶೀಟಿನಲ್ಲಿ ಬರೆಸುತ್ತಿದ್ದ ಸಾಹೇಬರು. ಅವರ ಹೆಸರನ್ನಾಗಲಿ, ಅವರು ಕೂತಿದ್ದ ಊರುಗಳನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಬರೆಯುತ್ತೇನೆಂದು ಅವರಿಗೆ ಹೇಳಿದ್ದೇನೆ, ಒಪ್ಪಿದ್ದಾರೆ.

ಬೆಂಗಳೂರಿನಲ್ಲಿ ಇಂಥ ಕೇಸಿಗೆ ಹೆಸರಾದವರು ಇದ್ದಾರೆ, ಅಲ್ಲಿಗೆ ಹೋಗಿ ಸರ್ ಅಂದೆ. ‘ಅಲ್ಲಿಗೆ ಹೋದ್ರೆ ಫೈಲು ನೋಡ್ತಾರೆ, ನನ್ನನ್ನ ನೋಡಲ್ಲ. ನೀವು ನನ್ನ ಕೋರ್ಟು ನೋಡೀರಿ’ ಅಂದರು. ಮಾತು ಹಿತವಾಗಿತ್ತು. ಆದರೆ ಈ ಕೇಸು ನಡೆಯುವುದೇ ಫೈಲಿನ ಮೇಲೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಆಗ ಅವರಿಗೆ ಐವತ್ತಾರು. ಕೆಳಹಂತದ ನ್ಯಾಯಾಧೀಶರ ನಿವೃತ್ತಿ ವಯಸ್ಸು ಅರವತ್ತು. ಈ ಅರವತ್ತು ಬಂದದ್ದಕ್ಕೂ ಒಂದು ಕಥೆ ಇದೆ. ಅಖಿಲ ಭಾರತ ನ್ಯಾಯಾಧೀಶರ ಸಂಘದ ಪ್ರಕರಣದಲ್ಲಿ 1991ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಐವತ್ತೆಂಟನ್ನು ಅರವತ್ತಕ್ಕೆ ಏರಿಸಿ ಎಂದಿತು. ಸರ್ಕಾರಗಳು ಮರುಪರಿಶೀಲನೆ ಕೇಳಿದವು. 1993ರ ಆಗಸ್ಟಿನ ತೀರ್ಪಿನಲ್ಲಿ ಅರವತ್ತು ಉಳಿಯಿತು, ಜೊತೆಗೊಂದು ಷರತ್ತು ಬಂತು: ಆ ಎರಡು ವರ್ಷ ಯಾರಿಗೂ ತಾನಾಗಿ ಸಿಗುವುದಲ್ಲ, ಐವತ್ತೆಂಟು ತುಂಬುವ ಮೊದಲು ಪ್ರತಿಯೊಬ್ಬರ ಸೇವಾ ದಾಖಲೆಯನ್ನು ಹೈಕೋರ್ಟು ತೂಗಿ ನೋಡಬೇಕು, ಮುಂದುವರಿಸಲು ಯೋಗ್ಯರಲ್ಲದವರನ್ನು ಅಲ್ಲಿಗೇ ನಿಲ್ಲಿಸಬೇಕು. ನಮ್ಮ ಸಾಹೇಬರದ್ದು ಈ ಐವತ್ತೆಂಟರ ತೂಕವಲ್ಲ. ವಯಸ್ಸು ಐವತ್ತಾದ ಮೇಲೆ ಅಥವಾ ಸೇವೆ ಇಪ್ಪತ್ತೈದು ವರ್ಷವಾದ ಮೇಲೆ ಯಾವಾಗ ಬೇಕಾದರೂ ಬಳಸಬಹುದಾದ 285ರ ಅಸ್ತ್ರ. ಹೈಕೋರ್ಟ್ ನ್ಯಾಯಮೂರ್ತಿಗಳಿಗೆ ಅರವತ್ತೆರಡು, ಸುಪ್ರೀಂ ಕೋರ್ಟಿನವರಿಗೆ ಅರವತ್ತೈದು, ನಡುವೆ ಇಳಿಸಬೇಕೆಂದರೆ ಸಂಸತ್ತೇ ಬೇಕು. ಅವಧಿಗೆ ಮೊದಲಿನ ನಿವೃತ್ತಿ ಎಂಬುದು ಕೆಳಗಿನ ಕೋರ್ಟಿನವರ ಪಾಲಿಗೆ ಮಾತ್ರ.

ಊರಿನ ಬಾಯಿಗೆ ಈ ವ್ಯತ್ಯಾಸಗಳೆಲ್ಲ ಬೇಕಿಲ್ಲ. ಕ್ವಾರ್ಟರ್ಸ್ ಬಿಟ್ಟು ಸತ್ಯನಾರಾಯಣಪೇಟೆಯಲ್ಲಿ ಬಾಡಿಗೆ ಮನೆ ಹಿಡಿದಿದ್ದರು. ಮನೆ ಮಾಲೀಕರು ಮೊದಲ ದಿನವೇ ‘ಸರ್, ನಿಮಗಿನ್ನೂ ರಿಟೈರ್‌ಮೆಂಟ್ ವಯಸ್ಸಾದಂಗಿಲ್ಲಲ್ರೀ’ ಎಂದು ಕೇಳಿದರಂತೆ. ಅಕ್ಕಾರು, ಅಂದರೆ ಅವರ ಮನೆಯವರು, ‘ಆರೋಗ್ಯ ಸರಿ ಇರಲಿಲ್ಲ’ ಅಂದುಬಿಟ್ಟರು. ಆಮೇಲೆ ಎದುರುಮನೆಯವರು ದಿನಾ ಬಂದು ಶುಗರಾ, ಬಿ.ಪಿ.ನಾ ಎಂದು ವಿಚಾರಿಸುವುದು ಶುರುವಾಯಿತು.

ಕಾನೂನಿನ ಪ್ರಕಾರ ಕಡ್ಡಾಯ ನಿವೃತ್ತಿ ಎರಡು ಬಗೆ. ಒಂದು ಶಿಕ್ಷೆ. ಸರ್ಕಾರಿ ನೌಕರರ ಶಿಸ್ತಿಗೆ ಸಂಬಂಧಿಸಿದ 1957ರ ಸಿಸಿಎ ನಿಯಮಗಳ 8ನೇ ನಿಯಮದಲ್ಲಿರುವ ದಂಡನೆಗಳ ಪಟ್ಟಿಯಲ್ಲಿ ಅದೂ ಸೇರಿದೆ. ಅದಕ್ಕೆ ದೋಷಾರೋಪಣ ಪಟ್ಟಿ ಕೊಡಬೇಕು, ವಿಚಾರಣೆ ಮಾಡಬೇಕು, ಸಾಕ್ಷಿಯನ್ನು ಪಾಟೀಸವಾಲು ಮಾಡಲು ಬಿಡಬೇಕು. ಇನ್ನೊಂದು ಈ ಸಾರ್ವಜನಿಕ ಹಿತಾಸಕ್ತಿಯದು. ಇದು ಶಿಕ್ಷೆಯೇ ಅಲ್ಲ, ಕಳಂಕವೂ ಅಲ್ಲ, ಪಿಂಚಣಿ ಗ್ರಾಚ್ಯುಟಿ ಎಲ್ಲ ಸಿಗುತ್ತದೆ, ಆದ್ದರಿಂದ ಮುಂಚಿತವಾಗಿ ಕೇಳಬೇಕಾಗಿಯೂ ಇಲ್ಲ. 1954ರ ಶ್ಯಾಮಲಾಲ್ ಪ್ರಕರಣದಿಂದ ಸುಪ್ರೀಂ ಕೋರ್ಟು ಹಿಡಿದುಕೊಂಡು ಬಂದ ಮಾತು ಇದು. ಕಾರಣ ಬರೆಯದಿರುವುದೂ ನೌಕರನ ಮರ್ಯಾದೆ ಕಾಯುವುದಕ್ಕೇ. ಬರೆದರೆ ಕಳಂಕವಾಗುತ್ತದೆ, ಕಳಂಕವಾದರೆ ವಿಚಾರಣೆ ಬೇಕಾಗುತ್ತದೆ. ಪುಸ್ತಕದಲ್ಲಿ ಓದಿದರೆ ತರ್ಕ ಸರಿಯಾಗಿಯೇ ಇದೆ. ಪ್ರತಿ ಆದೇಶಕ್ಕೂ ಕಾರಣ ಬರೆದು ಬರೆದು ಬೆರಳು ಸವೆಸಿಕೊಂಡವರ ಕೈಗೆ ಕಾರಣವಿಲ್ಲದ ಆದೇಶ ಬಂದಾಗ ಆ ತರ್ಕ ಎಷ್ಟು ಸಮಾಧಾನ ಕೊಡುತ್ತದೆ ಎನ್ನುವುದನ್ನು ನಾನು ಎದುರಿಗೆ ಕೂತು ನೋಡಿದೆ.

ಎಲ್ಲಿಗೆ ಹೋಗುವುದು ಎಂಬ ಪ್ರಶ್ನೆ ಮೊದಲು. ವಕೀಲರ ಬಾರ್ ಅಸೋಸಿಯೇಷನ್ನಿನಲ್ಲಿ ವಿಷಯ ತೆಗೆದಾಗ ಇಬ್ಬರು ಕೆಎಟಿಗೆ, ಅಂದರೆ ಕರ್ನಾಟಕ ಆಡಳಿತ ನ್ಯಾಯಮಂಡಳಿಗೆ, ಹಾಕಿ ಅಂದರು. ರಾಜ್ಯ ಸರ್ಕಾರಿ ನೌಕರರಾದರೆ ಆಡಳಿತ ನ್ಯಾಯಮಂಡಳಿಯೇ ಸರಿ. ಆದರೆ 1985ರ ಆಡಳಿತ ನ್ಯಾಯಮಂಡಳಿಗಳ ಅಧಿನಿಯಮದ 2ನೇ ಕಲಂ ಸುಪ್ರೀಂ ಕೋರ್ಟು, ಹೈಕೋರ್ಟು ಮತ್ತು ಅವುಗಳ ಅಧೀನ ನ್ಯಾಯಾಲಯಗಳ ಅಧಿಕಾರಿ, ನೌಕರರನ್ನು ಹೊರಗಿಟ್ಟಿದೆ. ಕೋರ್ಟಿನ ಜವಾನನಿಗೂ ಇದೇ, ಜಿಲ್ಲಾ ನ್ಯಾಯಾಧೀಶರಿಗೂ ಇದೇ. ಉಳಿದದ್ದು 226ನೇ ವಿಧಿಯ ರಿಟ್ ಒಂದೇ. ಬಳ್ಳಾರಿ, ಕೊಪ್ಪಳದವರಾದರೆ ಧಾರವಾಡ ಪೀಠ, ರಾಯಚೂರಿನವರಾದರೆ ಕಲಬುರಗಿ. 2008ರಲ್ಲಿ ಈ ಸಂಚಾರಿ ಪೀಠಗಳು ಶುರುವಾಗುವ ಮೊದಲು ಎಲ್ಲದಕ್ಕೂ ಬೆಂಗಳೂರಿಗೇ ರಾತ್ರಿ ಬಸ್ಸು. 2013ರಲ್ಲಿ ಎರಡೂ ಕಾಯಂ ಆದವು.

ಇನ್ನು ಎದುರುದಾರರು ಯಾರು? ಮೊದಲನೆಯವರು ರಾಜ್ಯ ಸರ್ಕಾರ. ಎರಡನೆಯವರು ಹೈಕೋರ್ಟಿನ ರಿಜಿಸ್ಟ್ರಾರ್ ಜನರಲ್. ಈ ಎರಡನೆಯದನ್ನು ಟೈಪ್ ಮಾಡುವಾಗ ನಮ್ಮ ಜೂನಿಯರ್ ಹುಡುಗ ಕೈ ನಿಲ್ಲಿಸಿ ‘ಮೇಡಂ, ಹೈಕೋರ್ಟಿನಲ್ಲೇ ಹೈಕೋರ್ಟಿನ ಮೇಲೆ?’ ಅಂದ. ಹೌದು, ಹಾಗೇ. ಸಂವಿಧಾನದ 235ನೇ ವಿಧಿ ಅಧೀನ ನ್ಯಾಯಾಲಯಗಳ ಹತೋಟಿಯನ್ನು ಹೈಕೋರ್ಟಿಗೆ ಕೊಟ್ಟಿದೆ. ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಕಳಿಸಬೇಕು ಎಂದು ತೀರ್ಮಾನಿಸುವುದು ಆಡಳಿತ ಪಕ್ಕದ ನ್ಯಾಯಮೂರ್ತಿಗಳು. ರಾಜ್ಯಪಾಲರ ಹೆಸರಿನಲ್ಲಿ ಹೊರಡುವ ಆದೇಶ ಆ ಶಿಫಾರಸಿಗೆ ಹಾಕುವ ಮೊಹರು ಮಾತ್ರ. ಶಿಫಾರಸಿಗೆ ರಾಜ್ಯಪಾಲರು ಬದ್ಧರು ಎಂದು 1976ರ ಇಂದರ್ ಪ್ರಕಾಶ್ ಆನಂದ್ ಪ್ರಕರಣದಲ್ಲಿ ಇತ್ಯರ್ಥವಾಗಿದೆ. ಹಾಗಾಗಿ ಒಂದೇ ಸಂಸ್ಥೆಯ ಒಂದು ಕೈ ಮಾಡಿದ್ದನ್ನು ಇನ್ನೊಂದು ಕೈ ಪರಿಶೀಲಿಸಬೇಕು. ಕಡತ ನೋಡಿದ ಸಮಿತಿಯಲ್ಲಿದ್ದ ನ್ಯಾಯಮೂರ್ತಿಗಳು ಆ ರಿಟ್ ಕೇಳುವುದಿಲ್ಲ, ಬೇರೆ ಪೀಠಕ್ಕೆ ಕಳಿಸುತ್ತಾರೆ. ಇದಕ್ಕಿಂತ ಒಳ್ಳೆಯ ಏರ್ಪಾಟು ಏನಿರಬಹುದು ಎಂದು ನಾನೂ ಯೋಚಿಸಿದ್ದೇನೆ. ಸರ್ಕಾರದ ಕೈಗೆ ಕೊಟ್ಟರೆ ಕೆಳಗಿನ ನ್ಯಾಯಾಧೀಶರು ಮಂತ್ರಿಗಳ ಮನೆ ಮುಂದೆ ನಿಲ್ಲಬೇಕಾಗುತ್ತದೆ. ಅದಕ್ಕಿಂತ ಇದೇ ವಾಸಿ.

ಸಾಹೇಬರ ಕಾಗದ ಪತ್ರಗಳೆಲ್ಲ ಒಂದು ಹಸಿರು ಬಣ್ಣದ ತಗಡಿನ ಟ್ರಂಕಿನಲ್ಲಿದ್ದವು. ಕೆಳಹಂತದ ಸಿವಿಲ್ ನ್ಯಾಯಾಧೀಶರಾಗಿ, ಅಂದರೆ ಮುನ್ಸಿಫ್ ಆಗಿ ಸೇರಿದ ಆದೇಶ, ಪ್ರತಿ ವರ್ಗಾವಣೆಯ ಚಾರ್ಜ್ ಪಟ್ಟಿ, ತಿಂಗಳ ಕೇಸು ವಿಲೇವಾರಿ ತಖ್ತೆಗಳ ನಕಲು, ಎಲ್ಲಕ್ಕೂ ದಾರ ಕಟ್ಟಿ ವರ್ಷದ ಚೀಟಿ. ನ್ಯಾಯಾಧೀಶರ ಮನೆಯಲ್ಲಿ ಚಿನ್ನಕ್ಕಿಂತ ಜೋಪಾನವಾಗಿರುವುದು ಇದೇ ಇರಬೇಕು. ಅದರಲ್ಲಿ ನಮಗೆ ಬೇಕಿದ್ದದ್ದು ಸಿ.ಆರ್., ಅಂದರೆ ವಾರ್ಷಿಕ ಗೌಪ್ಯ ವರದಿ. ಸಿವಿಲ್ ನ್ಯಾಯಾಧೀಶರ ವರದಿಯನ್ನು ಜಿಲ್ಲಾ ನ್ಯಾಯಾಧೀಶರು ಬರೆಯುತ್ತಾರೆ, ಅದು ಮೇಲೆ ಹೋಗುತ್ತದೆ. ಕಾನೂನಿನ ತಿಳಿವಳಿಕೆ, ತೀರ್ಪಿನ ಗುಣಮಟ್ಟ, ವಿಲೇವಾರಿ, ವಕೀಲರೊಡನೆ ನಡವಳಿಕೆ, ಸಿಬ್ಬಂದಿ ಮೇಲಿನ ಹಿಡಿತ, ಹೀಗೆ ಕಾಲಂಗಳು. ಇವುಗಳಲ್ಲಿ ಪ್ರಾಮಾಣಿಕತೆಯ ಕಾಲಂ ಒಂದು ಬೇರೆಯೇ ಜಾತಿ. ಉಳಿದವುಗಳಲ್ಲಿ ‘ಸಾಧಾರಣ’ ಎಂದಿದ್ದರೆ ಮುಂದಿನ ವರ್ಷ ಸರಿ ಮಾಡಿಕೊಳ್ಳಬಹುದು. ಇದರಲ್ಲಿ ಒಮ್ಮೆ ಬಿದ್ದ ಶಾಯಿ ಅಳಿಸುವುದಿಲ್ಲ.

ಮೊದಲು ಪ್ರತಿಕೂಲ ಷರಾ, ಅಂದರೆ ಕೆಟ್ಟ ಟಿಪ್ಪಣಿ, ಇದ್ದರಷ್ಟೇ ಅಧಿಕಾರಿಗೆ ತಿಳಿಸುತ್ತಿದ್ದರು. 2008ರ ದೇವ್ ದತ್ ತೀರ್ಪಿನ ನಂತರ ಒಳ್ಳೆಯದೋ ಕೆಟ್ಟದ್ದೋ ಪ್ರತಿ ಷರಾವನ್ನೂ ತಿಳಿಸಬೇಕೆಂದಾಯಿತು. ಟ್ರಂಕಿನಲ್ಲಿ ಇಲ್ಲದ ವರ್ಷಗಳಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಅವರದೇ ವರದಿಗಳನ್ನು ತರಿಸಿಕೊಂಡೆವು. ಬಂದ ಪ್ರತಿಗಳನ್ನು ಮೇಜಿನ ಮೇಲೆ ಹರಡಿ ಸಾಹೇಬರು ತಾವೇ ಪಟ್ಟಿ ಮಾಡಿದರು. ಬಹುಪಾಲು ‘ಉತ್ತಮ’, ಕೆಲವು ‘ತುಂಬಾ ಉತ್ತಮ’. ಕೊನೆಯ ಭಾಗದ ಎರಡು ವರ್ಷ ‘ವಿಲೇವಾರಿ ನಿಗದಿತ ಯೂನಿಟ್‌ಗಿಂತ ಕಡಿಮೆ’, ಅಂದರೆ ಮುಗಿಸಿದ ಕೇಸುಗಳ ಲೆಕ್ಕ ಸಾಲದು. ಮತ್ತು ಬಹಳ ಹಿಂದಿನ ಒಂದು ವರ್ಷ, ಬೇರೊಂದು ಜಿಲ್ಲೆಯಲ್ಲಿದ್ದಾಗಿನದು, ಪ್ರಾಮಾಣಿಕತೆಯ ಕಾಲಂನಲ್ಲಿ ‘ದೂರು ಬಂದಿದೆ, ಸಂಶಯಕ್ಕೆ ಆಸ್ಪದವಿದೆ’.

ಆ ದೂರು ಮೂಗರ್ಜಿ. ಸಹಿ ಇಲ್ಲ, ವಿಳಾಸ ಇಲ್ಲ. ಒಬ್ಬ ವಕೀಲರ ಜೊತೆ ಸಾಹೇಬರಿಗೆ ಸಲುಗೆ ಇದೆ, ಅವರು ಕೇಳಿದ ತಡೆಯಾಜ್ಞೆಯೆಲ್ಲ ಸಿಗುತ್ತದೆ ಎಂದು ಅದರಲ್ಲಿತ್ತಂತೆ. ವಿಚಾರಣೆ ನಡೆಯಲಿಲ್ಲ. ಷರಾ ತೆಗೆದುಹಾಕಿ ಎಂದು ಇವರು ಮನವಿ ಕೊಟ್ಟರು, ‘ಪರಿಶೀಲಿಸಲಾಗಿ ತಿರಸ್ಕರಿಸಲಾಗಿದೆ’ ಎಂದು ಒಂದು ಸಾಲಿನ ಉತ್ತರ ಬಂತು. ಅದನ್ನು ಪ್ರಶ್ನಿಸಿ ಆಗಲೇ ಕೋರ್ಟಿಗೆ ಹೋಗಲಿಲ್ಲ. ನ್ಯಾಯಾಧೀಶರಾಗಿದ್ದುಕೊಂಡು ಹೈಕೋರ್ಟಿನ ಮೇಲೆ ರಿಟ್ ಹಾಕುವವರು ಎಷ್ಟು ಜನ ಇರುತ್ತಾರೆ ಹೇಳಿ. ಆ ಆರೋಪ ನಿಜವೇ ಎಂದು ನಾನು ಕೇಳಲಿಲ್ಲ, ಅವರೂ ತಾವಾಗಿ ಹೇಳಲಿಲ್ಲ. ನಮ್ಮ ಬಾರಿನಲ್ಲಿ ಅವರ ಬಗ್ಗೆ ಅಂಥ ಮಾತು ಎದ್ದದ್ದು ನನಗೆ ನೆನಪಿಲ್ಲ. ಬಾರಿನ ಮಾತು ಸಾಕ್ಷ್ಯವಲ್ಲ, ಬಿಡಿ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಈ ಅಧಿಕಾರವೇ ಬೇಡ ಎನ್ನುವವಳಲ್ಲ ನಾನು. ಕೈ ಬಾಯಿ ಶುದ್ಧವಿಲ್ಲದವರ ಮುಂದೆ ಕಕ್ಷಿದಾರರನ್ನು ನಿಲ್ಲಿಸಿ, ಗೊತ್ತಿದ್ದೂ ಏನೂ ಮಾಡಲಾಗದೆ ಮನೆಗೆ ಬಂದ ಸಂಜೆಗಳು ಎಲ್ಲ ವಕೀಲರಿಗೂ ಇರುತ್ತವೆ. ಇಲಾಖಾ ವಿಚಾರಣೆಯಲ್ಲಿ ನ್ಯಾಯಾಧೀಶರ ವಿರುದ್ಧ ಯಾರು ಸಾಕ್ಷಿ ಹೇಳುತ್ತಾರೆ? ದುಡ್ಡು ಕೊಟ್ಟವನು ಹೇಳಿದರೆ ಅವನೂ ಸಿಕ್ಕಿಬೀಳುತ್ತಾನೆ, ವಕೀಲರು ಹೇಳಿದರೆ ನಾಳೆ ಅದೇ ಕೋರ್ಟಿನಲ್ಲಿ ನಿಲ್ಲಬೇಕು. ಅದಕ್ಕೇ ಈ ಸದ್ದಿಲ್ಲದ ಬಾಗಿಲು. ಸದ್ದಿಲ್ಲದ್ದರಿಂದಲೇ ಒಳಗೆ ಯಾರನ್ನು ಯಾಕೆ ತಳ್ಳಿದರು ಎನ್ನುವುದೂ ಕೇಳಿಸುವುದಿಲ್ಲ.

ಕಾನೂನು ಓದಲು ಕೂತರೆ ಎಲ್ಲ ದಾರಿಯೂ ಬೈಕುಂಠನಾಥ ದಾಸ್ ಪ್ರಕರಣಕ್ಕೇ ಹೋಗಿ ಸೇರುತ್ತದೆ. 1992ರದು, ಮೂವರು ನ್ಯಾಯಮೂರ್ತಿಗಳ ತೀರ್ಪು. ಆ ದಾಸ್ ನ್ಯಾಯಾಧೀಶರೇನಲ್ಲ, ಒಡಿಶಾದ ಸರ್ಕಾರಿ ಆಸ್ಪತ್ರೆಯ ಫಾರ್ಮಸಿಸ್ಟ್, ಹಳೆಯ ಮಾತಿನಲ್ಲಿ ಕಾಂಪೌಂಡರ್. ಅವರ ಕೇಸಿನಲ್ಲಿ ಕಟ್ಟಿಕೊಟ್ಟ ಸೂತ್ರಗಳೇ ಇವತ್ತಿಗೂ ನ್ಯಾಯಾಧೀಶರಿಗೂ ಅನ್ವಯ. ಕಡ್ಡಾಯ ನಿವೃತ್ತಿ ಶಿಕ್ಷೆಯಲ್ಲ. ಸರ್ಕಾರದ ಮನಸ್ಸಿಗೆ ಬಂದ ತೃಪ್ತಿಯ ಮೇಲೆ ನಿಂತದ್ದು, ಸಹಜ ನ್ಯಾಯದ ತತ್ವಕ್ಕೆ ಇಲ್ಲಿ ಜಾಗವಿಲ್ಲ. ಇಡೀ ಸೇವೆಯ ದಾಖಲೆ ನೋಡಬೇಕು, ಕೊನೆಯ ವರ್ಷಗಳಿಗೆ ಹೆಚ್ಚು ತೂಕ ಕೊಡಬೇಕು. ತಿಳಿಸದೇ ಇಟ್ಟ ಪ್ರತಿಕೂಲ ಷರಾ ಲೆಕ್ಕಕ್ಕೆ ಬಂದಿತೆಂಬ ಒಂದೇ ಕಾರಣಕ್ಕೆ ಆದೇಶ ಬೀಳುವುದಿಲ್ಲ. ಕೋರ್ಟು ಮೇಲ್ಮನವಿಯ ಥರ ಕೂತು ನೋಡುವುದಿಲ್ಲ. ದುರುದ್ದೇಶ ಇದ್ದರೆ, ಆಧಾರವೇ ಇಲ್ಲದಿದ್ದರೆ, ಆ ದಾಖಲೆ ನೋಡಿದ ಯಾವ ವಿವೇಕಿಯೂ ಹಾಗೆ ತೀರ್ಮಾನಿಸಲಾರ ಎನ್ನುವಂತಿದ್ದರೆ ಮಾತ್ರ ಕೈ ಹಾಕುತ್ತದೆ. ಸಾಹೇಬರು ಆ ಪುಟಗಳನ್ನು ನನ್ನ ಕಂಪ್ಯೂಟರಿನಲ್ಲಿ ಓದಿ ಮುಗಿಸಿ ಕನ್ನಡಕ ತೆಗೆದು ಒರೆಸಿದರು. ‘ಬಾಗಿಲು ಸಣ್ಣದೈತೆ. ಬಗ್ಗಿ ಹೋಗೋಣ’ ಅಂದರು.

ಹೋದವರು ಇದ್ದರು. ತೇಜ್‌ಪಾಲ್ ಸಿಂಗ್ ಎಂಬ ಉತ್ತರ ಪ್ರದೇಶದ ನ್ಯಾಯಾಧೀಶರ ಪ್ರಕರಣದಲ್ಲಿ ಹೈಕೋರ್ಟಿನ ಶಿಫಾರಸು ಬರುವ ಮೊದಲೇ ರಾಜ್ಯಪಾಲರ ಆದೇಶ ಹೊರಟಿತ್ತು, ಆಮೇಲೆ ಒಪ್ಪಿಗೆ ಪಡೆದರೂ ಅದು ಜೀವ ಬರದ ಆದೇಶ ಎಂದು ಸುಪ್ರೀಂ ಕೋರ್ಟು 1986ರಲ್ಲಿ ಹೇಳಿತು. ನಾವು ಮೊದಲು ನೋಡಿದ್ದು ದಿನಾಂಕಗಳನ್ನೇ. ನಮ್ಮಲ್ಲಿ ಶಿಫಾರಸು ಮುಂಚೆ, ಆದೇಶ ನಂತರ, ಸರಿಯಾಗಿಯೇ ಇತ್ತು. ಬಿಹಾರದ ಮದನ್ ಮೋಹನ್ ಚೌಧರಿಯವರ ಹಲವು ವರ್ಷಗಳ ಷರಾಗಳನ್ನು ಒಂದೇ ಸಲ ಕೂತು ಬರೆದಿದ್ದರು, 1999ರಲ್ಲಿ ಅವರು ಗೆದ್ದರು. ನಮ್ಮವು ವರ್ಷಾವರ್ಷ ಬರೆದವು. ಜಾರ್ಖಂಡಿನ ನಂದಕುಮಾರ್ ವರ್ಮಾ 2012ರಲ್ಲಿ ಗೆದ್ದದ್ದು ಇಡೀ ದಾಖಲೆ ನೋಡದೆ ಕೆಲವೇ ವರ್ಷಗಳದನ್ನು ಆರಿಸಿ ನೋಡಿದ್ದರು ಎಂಬ ಕಾರಣಕ್ಕೆ. ಇದು ನಮಗೆ ಹೊಂದಬಹುದು ಅನ್ನಿಸಿತು. ವಿಲೇವಾರಿ ಕಡಿಮೆಯಾದ ಆ ಎರಡು ವರ್ಷ ಅವರ ಕೋರ್ಟಿಗೆ ಸ್ಟೆನೋಗ್ರಾಫರ್ ಇರಲಿಲ್ಲ. ಹಳೆಯ ಪಾಲು ದಾವೆಗಳು, ಮೂರು ತಲೆಮಾರಿನ ವಂಶವೃಕ್ಷ, ಸತ್ತ ಪ್ರತಿವಾದಿಯ ವಾರಸುದಾರರನ್ನು ತರುವುದರಲ್ಲೇ ವರ್ಷ ಕಳೆಯುವಂಥವು. ಅವುಗಳ ತೀರ್ಪನ್ನು ಅವರು ಕೈಯಲ್ಲೇ ಬರೆದಿದ್ದರು. ಹೀಗೆಂದು ವಿವರಣೆ ಕೊಟ್ಟಿದ್ದರ ಸ್ಥಳಪ್ರತಿ ಟ್ರಂಕಿನಲ್ಲಿತ್ತು. ಸಮಿತಿ ಅದನ್ನು ನೋಡಿತ್ತೇ? ಅರ್ಜಿಯ ಅರ್ಧದಷ್ಟು ಪುಟ ನಾವು ಕಟ್ಟಿದ್ದು ಇದರ ಮೇಲೆ.

ಅಷ್ಟರಲ್ಲಿ ಬಾರಿನ ಹಿರಿಯರೊಬ್ಬರು ಮದ್ರಾಸಿನ ರಾಜಯ್ಯ ಪ್ರಕರಣ ನೋಡಮ್ಮ ಅಂದರು. ಮದ್ರಾಸ್ ಹೈಕೋರ್ಟಿನ ರಿಜಿಸ್ಟ್ರಾರ್ ವಿರುದ್ಧ ರಾಜಯ್ಯ, 1988. ಹೈಕೋರ್ಟಿಗೆ ಈ ಅಧಿಕಾರ ಇದೆ, ಆದರೆ ಅದನ್ನು ಮನಬಂದಂತೆ ಬಳಸಿದರೆ ನಿಲ್ಲುವುದಿಲ್ಲ ಎಂದ ತೀರ್ಪು. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿನಲ್ಲೇ ಇತ್ತಲ್ಲ, ನಮ್ಮ ಹಿರಿಯರಿಗೆ ಯಾವ ಸಂಶಯ ಬಂದರೂ ಮೊದಲು ಮದ್ರಾಸೇ ನೆನಪಾಗುತ್ತದೆ.

ಧಾರವಾಡಕ್ಕೆ ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ ದಾಟಿ ಹೋಗಬೇಕು. ಬೆಳಗಿನ ಜಾವ ಹೊರಟರೆ ಕೊಪ್ಪಳದಲ್ಲಿ ಚಹಾ. ಹೈಕೋರ್ಟ್ ಪೀಠ ಊರೊಳಗಿಲ್ಲ, ಹೊರಗೆ ಹೆದ್ದಾರಿ ಕಡೆ ವಿಶಾಲವಾಗಿ ಕೂತಿದೆ. ಫೈಲಿಂಗ್ ಕೌಂಟರಿನಲ್ಲಿ ಎಂದಿನಂತೆ ಆಕ್ಷೇಪಣೆಗಳು ಬಂದವು: ಪುಟಸಂಖ್ಯೆ, ಮಸುಕಾದ ಪ್ರತಿ, ಕನ್ನಡ ದಾಖಲೆಗಳಿಗೆ ಇಂಗ್ಲಿಷ್ ಭಾಷಾಂತರ. ಈ ಕೊನೆಯದು ನಮಗೆ ದೊಡ್ಡ ಕೆಲಸವಾಯಿತು. ಗುಣಮಟ್ಟಕ್ಕೆ ಸಾಕ್ಷಿಯಾಗಲಿ ಎಂದು ಅವರ ಕೆಲವು ತೀರ್ಪುಗಳನ್ನು ಲಗತ್ತಿಸಿದ್ದೆವು, ಎಲ್ಲವೂ ಕನ್ನಡದಲ್ಲಿ ಬರೆದವು. ಸಾಹೇಬರೇ ಕೂತು ತಮ್ಮ ತೀರ್ಪುಗಳನ್ನು ತಾವೇ ಇಂಗ್ಲಿಷಿಗೆ ಇಳಿಸಿದರು. ಒಂದು ಕಡೆ ನಿಲ್ಲಿಸಿ, ಇಲ್ಲಿ ಮೂಲದಲ್ಲಿ ನಾನು ಒಂದು ಸಾಕ್ಷಿಯ ಪಾಟೀಸವಾಲನ್ನು ಚರ್ಚಿಸದೆ ಬಿಟ್ಟಿದ್ದೇನೆ, ಎದುರುದಾರರು ಹಿಡಿಯಬಹುದು, ಈ ತೀರ್ಪು ತೆಗೆದುಬಿಡಿ ಅಂದರು. ತೆಗೆದೆವು.

ತಡೆಯಾಜ್ಞೆ ಕೇಳಿದೆವು, ಸಿಗಲಿಲ್ಲ. ಇಂಥದ್ದರಲ್ಲಿ ಸಿಗುವುದು ಕಷ್ಟವೇ. ಗೆದ್ದರೆ ಹಿಂಬಾಕಿ ವೇತನ ಕೊಡಿಸಬಹುದು, ಅಲ್ಲಿಯವರೆಗೆ ಸಂಶಯಕ್ಕೆ ಒಳಗಾದವರನ್ನು ಪೀಠದ ಮೇಲೆ ಕೂರಿಸಬಾರದು ಎನ್ನುವುದು ನ್ಯಾಯಾಲಯಗಳ ನಿಲುವು. ನೋಟಿಸ್ ಆಯಿತು. ಆಕ್ಷೇಪಣಾ ಹೇಳಿಕೆ ಬರಲು ತಡವಾಯಿತು. ಮಧ್ಯೆ ಬೇಸಿಗೆ ರಜೆ, ಪೀಠ ಬದಲಾವಣೆ. ಇದರ ಬಗ್ಗೆ ಹೇಳುವುದಕ್ಕೆ ಹೊಸದೇನಿಲ್ಲ, ಕೋರ್ಟಿಗೆ ಹೋದವರಿಗೆಲ್ಲ ಗೊತ್ತು. ಸಾಹೇಬರಿಗೆ ಮಾತ್ರ ಹೊಸದು. ಮುದ್ದತು ಕೊಡುವ ಕಡೆ ಇದ್ದವರು ಮುದ್ದತಿಗೆ ಕಾಯುವ ಕಡೆ ಬಂದಿದ್ದರು. ಕೆಲವು ತಾರೀಕುಗಳಿಗೆ ಧಾರವಾಡಕ್ಕೆ ಹೋಗದೆ ನನ್ನ ಆಫೀಸಿನಲ್ಲೇ ವಿಡಿಯೋ ಲಿಂಕಿನಲ್ಲಿ ಹಾಜರಾಗುತ್ತಿದ್ದೆವು. ಲ್ಯಾಪ್‌ಟಾಪ್ ಪರದೆಯಲ್ಲಿ ನ್ಯಾಯಮೂರ್ತಿಗಳು ಬಂದು ಕೂರುವಾಗ ಸಾಹೇಬರು ಕುರ್ಚಿಯಿಂದ ಎದ್ದು ನಿಲ್ಲುತ್ತಿದ್ದರು. ನಮ್ಮ ಕ್ಯಾಮೆರಾ ಆಫ್ ಇದೆ ಸರ್, ಕೂತ್ಕೊಳ್ಳಿ ಅಂದರೂ ಕೇಳುತ್ತಿರಲಿಲ್ಲ. ಅವರು ಎದ್ದರೆಂದು ಜೂನಿಯರ್ ಹುಡುಗನೂ ಏಳುತ್ತಿದ್ದ, ನಾನೂ ಏಳಲೇಬೇಕಾಗುತ್ತಿತ್ತು.

ಅಂತಿಮ ವಾದದ ದಿನ ಮೂಲ ಕಡತ ಮುಚ್ಚಿದ ಲಕೋಟೆಯಲ್ಲಿ ಬಂತು. ನ್ಯಾಯಮೂರ್ತಿಗಳು ಅದನ್ನು ಒಡೆದು ಸಾವಕಾಶವಾಗಿ ಓದಿದರು. ಕೋರ್ಟ್ ಹಾಲಿನಲ್ಲಿ ಪುಟ ಮಗುಚುವ ಸದ್ದು ಬಿಟ್ಟರೆ ಏನೂ ಇರಲಿಲ್ಲ. ನಮಗೆ ಕಾಣದ ಕಾಗದ ಅದು. ಎದುರಿಗೆ ಇಲ್ಲದ ಸಾಕ್ಷ್ಯದ ಮೇಲೆ ವಾದ ಮಾಡುವುದು ಹೇಗೆಂದು ಲಾ ಕಾಲೇಜಿನಲ್ಲಿ ಕಲಿಸುವುದಿಲ್ಲ. ನಂತರ ನ್ಯಾಯಮೂರ್ತಿಗಳೇ ಹೇಳಿದರು: ವಿಲೇವಾರಿ ಬಗೆಗಿನ ವಿವರಣೆ ಕಡತದಲ್ಲಿದೆ, ಅದನ್ನು ಆಗಿನ ಜಿಲ್ಲಾ ನ್ಯಾಯಾಧೀಶರು ಒಪ್ಪಬಹುದೆಂದು ಬರೆದದ್ದೂ ಇದೆ, ಆ ಅಂಶದ ಮೇಲೆ ಹೆಚ್ಚು ಹೊತ್ತು ಬೇಡ. ನಮ್ಮ ಅರ್ಜಿಯ ಅರ್ಧ ಭಾಗ ಎರಡು ನಿಮಿಷದಲ್ಲಿ ಗೆದ್ದಂತಾಯಿತು. ಹಿಂದಿನ ಸಾಲಿನಲ್ಲಿ ಕೂತಿದ್ದ ಅಕ್ಕಾರು ನನ್ನ ಗೌನು ಮೆಲ್ಲಗೆ ಜಗ್ಗಿ ‘ಆತೇನಮ್ಮ?’ ಅಂದರು.

ಆಗಿರಲಿಲ್ಲ. ಉಳಿದದ್ದು ಆ ಹಳೆಯ ಕಾಲಂ. ನಾನು 1998ರ ಎಂ.ಎಸ್. ಬಿಂದ್ರಾ ತೀರ್ಪು ಓದಿದೆ. ಪ್ರಾಮಾಣಿಕತೆ ಸಂಶಯಾಸ್ಪದ ಎನ್ನಬೇಕಾದರೆ ಆ ಸಂಶಯ ಹುಟ್ಟಿಸುವಷ್ಟಾದರೂ ಸಾಮಗ್ರಿ ಇರಬೇಕು, ಬರೀ ಮಾತು ಸಾಲದು ಎನ್ನುತ್ತದೆ ಅದು. ಮೂಗರ್ಜಿ ಸಾಮಗ್ರಿಯಾಗುತ್ತದೆಯೇ, ಮೈ ಲಾರ್ಡ್? ಆ ಷರಾ ಬಿದ್ದ ಮೇಲೂ ಇವರಿಗೆ ಬಡ್ತಿ ಕೊಟ್ಟಿದ್ದೀರಿ, ಬಡ್ತಿ ಕೊಟ್ಟ ಮೇಲೆ ಹಳೆಯದು ತೊಳೆದುಹೋಗಬೇಡವೇ? ಎದುರಿನ ವಕೀಲರು ಸಜ್ಜನರು, ದನಿ ಏರಿಸದೆ 2010ರ ಪ್ಯಾರೇ ಮೋಹನ್ ಲಾಲ್ ತೀರ್ಪನ್ನು ಮುಂದಿಟ್ಟರು. ಅದೂ ನ್ಯಾಯಾಧೀಶರದ್ದೇ ಪ್ರಕರಣ. ಹಳೆಯ ಷರಾ ಬಡ್ತಿಯಿಂದ ಪೂರ್ತಿ ತೊಳೆದುಹೋಗುವುದಿಲ್ಲ, ಪ್ರಾಮಾಣಿಕತೆಗೆ ಸಂಬಂಧಿಸಿದ ಒಂದೇ ಒಂದು ಷರಾ ಇದ್ದರೂ ಸಾಕು, ಅದು ಹಳೆಯದಾಗಿದ್ದರೂ ಸಾಕು. ಹಿಂದೆಯೇ ರಾಮಮೂರ್ತಿ ಯಾದವ್ ಪ್ರಕರಣ: ನ್ಯಾಯಾಂಗ ಸೇವೆಯನ್ನು ಬೇರೆ ಸರ್ಕಾರಿ ಸೇವೆಯ ಅಳತೆಗೋಲಿನಿಂದ ಅಳೆಯುವಂತಿಲ್ಲ, ಇಲ್ಲಿ ನಿರೀಕ್ಷೆ ಇನ್ನೂ ಮೇಲಿನದು. ಬೈಕುಂಠನಾಥ ದಾಸ್ ತೀರ್ಪಿನಲ್ಲೇ ಬಡ್ತಿಯ ಬಗ್ಗೆ ಒಂದು ಗೆರೆ ಇದೆ. ಅರ್ಹತೆಯ ಆಯ್ಕೆಯಿಂದ ಬಂದ ಬಡ್ತಿಯಾದರೆ ಹಳೆಯ ಷರಾದ ಮೊನೆ ಮುರಿಯುತ್ತದೆ, ಜ್ಯೇಷ್ಠತೆಯಿಂದ ಬಂದದ್ದಾದರೆ ಅಷ್ಟಾಗಿ ಇಲ್ಲ. ಸಾಹೇಬರದ್ದು ಎರಡನೆಯ ಬಗೆ ಎಂದು ಕಡತ ಹೇಳುತ್ತಿತ್ತು.

ತೀರ್ಪು ಬರುವಷ್ಟರಲ್ಲಿ ಅವರಿಗೆ ಅರವತ್ತು ದಾಟಿತ್ತು. ಗೆದ್ದಿದ್ದರೂ ಪೀಠಕ್ಕೆ ಮರಳುವ ಪ್ರಶ್ನೆ ಇರಲಿಲ್ಲ. ಆ ವರ್ಷಗಳ ವೇತನ, ಪಿಂಚಣಿಯ ವ್ಯತ್ಯಾಸ, ಮತ್ತು ಮನೆ ಮಾಲೀಕರಿಗೆ ತೋರಿಸಬಹುದಾದ ಒಂದು ಕಾಗದ. ಅರ್ಜಿ ವಜಾ ಆಯಿತು. ವಿಲೇವಾರಿಯ ಆಧಾರ ನಿಲ್ಲುವುದಿಲ್ಲ, ಆದರೆ ಪ್ರಾಮಾಣಿಕತೆಯ ಷರಾ ಒಂದೇ ಆದೇಶವನ್ನು ಹೊರಬಲ್ಲದು, ಅದನ್ನು ಅಂದೇ ಪ್ರಶ್ನಿಸದೆ ಅಂತಿಮವಾಗಲು ಬಿಟ್ಟದ್ದು ಅರ್ಜಿದಾರರೇ, ಮತ್ತು ಈ ಆದೇಶವನ್ನು ಕಳಂಕವೆಂದು ಯಾರೂ ಭಾವಿಸತಕ್ಕದ್ದಲ್ಲ.

ಸಾಹೇಬರು ಪ್ರತಿಯನ್ನು ಮನೆಗೆ ಒಯ್ದು ಓದಿ ಮರುದಿನ ಬಂದರು. ಮಾರ್ಜಿನಿನಲ್ಲಿ ಪೆನ್ಸಿಲ್ ಗೆರೆಗಳು. ‘ಚೆನ್ನಾಗಿ ಬರ್ದಾರೆ’ ಅಂದರು. ನಾನು ರಿಟ್ ಅಪೀಲಿನ ಮಾತೆತ್ತಿದೆ. ಕರ್ನಾಟಕ ಹೈಕೋರ್ಟ್ ಅಧಿನಿಯಮದ 4ನೇ ಕಲಂ ಪ್ರಕಾರ ಏಕಸದಸ್ಯ ಪೀಠದ ತೀರ್ಪಿನ ಮೇಲೆ ಇಬ್ಬರ ಪೀಠಕ್ಕೆ ಹೋಗಲು ಮೂವತ್ತು ದಿನ ಇದೆ, ಬಿಂದ್ರಾ ತೀರ್ಪನ್ನು ಇನ್ನೂ ಗಟ್ಟಿಯಾಗಿ ಹೇಳಬಹುದು.

‘ಬ್ಯಾಡ್ರಿ ಮೇಡಂ. ಈ ರೆಕಾರ್ಡಿನ ಮ್ಯಾಲೆ, ಈಗ ಇರೋ ಕಾನೂನಿನಾಗೆ, ನಾನು ಕೂತಿದ್ರೂ ಇದನ್ನೇ ಬರೀತಿದ್ದೆ.’

‘ಸಹಿ ಇಲ್ಲದ ಅರ್ಜಿ ಸರ್ ಅದು. ಸಹಿ ಇಲ್ಲದ ಅರ್ಜಿ ಇಟ್ಕೊಂಡು ನಿಮ್ಮ ಕೋರ್ಟಿನಲ್ಲಿ ಒಂದು ಸಮನ್ಸ್ ಆದ್ರೂ ಕಳಿಸ್ತಿದ್ರೇನು?’

‘ಇಲ್ಲ. ಆದ್ರೆ ಅಲ್ಲಿ ಅದು ಅರ್ಜಿಯಾಗಿ ಉಳಿದಿಲ್ಲ, ಷರಾ ಆಗೈತೆ. ಷರಾ ನಾನೇ ಬಿಟ್ಟೆ.’

ಫೀಸಿನ ಬಾಕಿ ಎಷ್ಟೆಂದು ಕೇಳಿ, ಚೆಕ್ ಬರೆದು, ಜೂನಿಯರ್ ಹುಡುಗನಿಗೆ ಹೇಳಿ ಟ್ರಂಕನ್ನು ಆಟೋಗೆ ಹಾಕಿಸಿದರು. ಅಪೀಲು ಹಾಕಲಿಲ್ಲ. ಅವರ ತರ್ಕ ನನಗೆ ಅರ್ಥವಾಗುತ್ತದೆ, ಒಪ್ಪಿಗೆ ಮಾತ್ರ ಇಲ್ಲ. ಯಾರೂ ಹೆಸರು ಹೇಳಲು ತಯಾರಿಲ್ಲದ, ಯಾರೂ ವಿಚಾರಿಸದ ಒಂದು ದೂರು, ಒಬ್ಬ ಅಧಿಕಾರಿ ಅದನ್ನು ಒಂದು ಕಾಲಂನಲ್ಲಿ ಎತ್ತಿ ಬರೆದ ಮಾತ್ರಕ್ಕೆ ಸಾಮಗ್ರಿಯಾಗುತ್ತದೆ ಎನ್ನುವುದಾದರೆ ಬಿಂದ್ರಾ ತೀರ್ಪಿಗೆ ಉಳಿದ ಅರ್ಥವೇನು ಎಂದು ಇಬ್ಬರ ಪೀಠದ ಮುಂದೆ ಕೇಳಬೇಕಿತ್ತು. ಮೊನ್ನೆ ಸಿರುಗುಪ್ಪ ಕಡೆಯ ಒಬ್ಬ ಯುವ ನ್ಯಾಯಾಧೀಶರು ಪರಿಚಯದವರ ಮೂಲಕ ಫೋನ್ ಮಾಡಿದ್ದರು. ಈ ವರ್ಷದ ಸಿ.ಆರ್.ನಲ್ಲಿ ವಕೀಲರೊಡನೆ ನಡವಳಿಕೆ ‘ಸಾಧಾರಣ’ ಎಂದು ಬಂದಿದೆಯಂತೆ, ಸುಮ್ಮನಿದ್ದುಬಿಡಲೇ ಎಂದು ಕೇಳಿದರು. ಅವಧಿ ಮುಗಿಯುವ ಮೊದಲು ಮನವಿ ಕೊಡಿ, ಕೊಟ್ಟದ್ದಕ್ಕೆ ಸ್ವೀಕೃತಿ ಹಾಕಿಸಿಕೊಳ್ಳಿ, ತಿರಸ್ಕಾರವಾದರೆ ಆ ಕಾಗದ ಹಿಡಿದುಕೊಂಡು ನನ್ನ ಹತ್ತಿರ ಬನ್ನಿ ಅಂದೆ.